ರಾಗಿ ಬೆಳೆಗಾರರಿಗೆ ಬೇಕಿರುವುದು ಸಲಹೆಯೋ, ಬೆಲೆಯೋ?

ರಾಗಿ ಬೆಳೆಯುವವರಿಗೆ ಸಲಹೆ, ತರಬೇತಿ ಕೊಡಲು ಸರ್ಕಾರ ಇನ್ನೂ ಜಾಸ್ತಿ ಖರ್ಚು ಮಾಡಬೇಕೆ?

ಪರ

ಮಾಡಲೇಬೇಕು. ಬೆಂಕಿ ರೋಗ ಬಿದ್ದ ರಾಗಿ ಹೊಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಎಲೆ ಮೇಲೆ ಕಂದು ಅಂಚಿನ ಬೂದು ಚುಕ್ಕೆ ಕಾಣುತ್ತದೆ. ಆಮೇಲೆ ತೆನೆಯ ಕುತ್ತಿಗೆ ಕಪ್ಪಾಗಿ, ಕಾಳೆಲ್ಲ ಜೊಳ್ಳಾಗುತ್ತದೆ. ಅಷ್ಟು ಹೊತ್ತಿಗೆ ಯಾರು ಬಂದು ಏನು ಹೇಳಿದರೂ ಪ್ರಯೋಜನವಿಲ್ಲ. ಕೆಜಿ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಂ ಅನ್ನೋ ಶಿಲೀಂಧ್ರನಾಶಕ ಬೆರೆಸಿ, ಇಲ್ಲವೇ ರೋಗ ತಡೆಯುವ ಜಿಪಿಯು-28 ತಳಿ ಬಿತ್ತಿ ಅಂತ ಮೊದಲೇ ಹೇಳುವವರು ಬೇಕು. ಔಷಧಿ ಅಂಗಡಿಯವರನ್ನು ಕೇಳಿದರೆ ಅವರು ತಮ್ಮಲ್ಲಿರುವ ಮಾಲನ್ನೇ ಹೇಳುತ್ತಾರೆ, ಅಲ್ವಾ?

ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅಂಥ ಕೆಲಸ ಫಾರಂ ಬೇಲಿಯೊಳಗೇ ಉಳಿದಿದ್ದರೆ ಯಾರ ಹೊಟ್ಟೆ ತುಂಬುತ್ತಿತ್ತು? ಒಂದು ತಳಿ ಹತ್ತಾರು ಹಳ್ಳಿ ಸೇರಬೇಕಾದರೆ ಪ್ರಾತ್ಯಕ್ಷಿಕೆ ಮಾಡಿ ತೋರಿಸುವವರು, ಮಳೆ ತಡವಾದರೆ ಅಲ್ಪಾವಧಿ ತಳಿ ಯಾವುದು ಅಂತ ತಿಳಿಸುವವರು ಇರಲೇಬೇಕು.

ವಿರೋಧ

ಸಲಹೆ ಕೊಡಲೆಂದೇ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಬಂದು ಎರಡು ದಶಕ ದಾಟಿತು. ಮುಂಗಾರಿನಲ್ಲಿ ಒಂದು ಕೇಂದ್ರಕ್ಕೆ ಹೋಗಿ ನೋಡಿ. ಪಹಣಿ, ಆಧಾರ್ ಜೆರಾಕ್ಸ್ ಹಿಡಿದು ಬೀಜದ ಚೀಲಕ್ಕೆ ಸಾಲು. ಅಧಿಕಾರಿ ಕಂಪ್ಯೂಟರ್ ಮುಂದೆ. ಪಾಪ, ಅವರಾದರೂ ಹೊಲಕ್ಕೆ ಹೋಗುವುದು ಯಾವಾಗ? ಇದಕ್ಕೇ ಇನ್ನಷ್ಟು ದುಡ್ಡು ಸುರಿದರೆ ಸುಮ್ನೆ ಕಾಗದ ಹೆಚ್ಚುತ್ತದೆ.

ರೈತರಿಗೆ ಬೇಸಾಯ ಗೊತ್ತಿಲ್ಲ ಅಂದುಕೊಳ್ಳುವುದೂ ತಪ್ಪು. ಹಾವೇರಿ ಕಡೆಯ ಗುಳಿ ರಾಗಿ ರೈತರೇ ಕಂಡುಕೊಂಡ ಪದ್ಧತಿ. ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಸೇರುವ ಕಡೆ ಗುಳಿ ಮಾಡಿ, ಗೊಬ್ಬರ ಹಾಕಿ ಸಸಿ ನೆಡುತ್ತಾರೆ. ಎಳೆ ಪೈರಿನ ಮೇಲೆ ಕೊರಡು ಎಳೆಯುತ್ತಾರೆ. ಬಾಗಿದ ಪೈರು ಬುಡದಲ್ಲಿ ತೆಂಡೆ (ಮರಿ ಪೈರು) ಒಡೆದು ದಟ್ಟವಾಗುತ್ತದೆ.

ಕಷ್ಟ ಶುರುವಾಗುವುದು ಒಕ್ಕಣೆ ಆದಮೇಲೆ. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಒಳ್ಳೆಯದೇ. ಆದರೆ ಆ ಬೆಲೆಗೆ ಮಾರಲು ನೋಂದಣಿ ಆಗಬೇಕು, ಇಷ್ಟೇ ಕ್ವಿಂಟಲ್ ಅಂತ ಮಿತಿ ಬೇರೆ. ಸಾಲ ತೀರಿಸಬೇಕಾದವರು ಸರ್ಕಾರದ ಖರೀದಿ ಶುರುವಾಗುವವರೆಗೆ ಕಾಯಲಾಗದೆ ಕಣದಲ್ಲೇ ದಲ್ಲಾಳಿಗೆ ಅಳೆದು ಕೊಡುತ್ತಾರೆ. ಅಂಥವರ ಮುಂದೆ ತರಬೇತಿಯ ಬ್ಯಾನರ್ ಕಟ್ಟಿ ಏನು ಬಂತು? ಆ ದುಡ್ಡಿನಲ್ಲಿ ಹೋಬಳಿಗೊಂದು ಗೋದಾಮು ಕಟ್ಟಲಿ, ಕೊಯ್ಲಿನ ಹೊತ್ತಿಗೇ ಖರೀದಿ ಕೇಂದ್ರ ತೆರೆಯಲಿ.