ಬೆನ್ನು ತೋರಿಸಬಾರದು

ನಮ್ಮದು ಸಣ್ಣ ಕಾಲೇಜು. ಬಿ.ಎಸ್ಸಿ. ಒಂದೇ ಇರುವುದು. ಗೇಟಿನಲ್ಲಿ ಸೀನಿದರೆ ಹಿತ್ತಲಿನ ಬಾಟನಿ ಲ್ಯಾಬಿನವರು ತಿರುಗಿ ನೋಡುತ್ತಾರೆ, ಅಷ್ಟೇ ಜಾಗ. ಇಷ್ಟಕ್ಕೆ ಗೈಡ್ ಯಾಕೆ ಅಂತ ಸ್ಟಾಫ್ ಮೀಟಿಂಗಿನಲ್ಲಿ ಬಾಯಿಬಿಟ್ಟೆ. ಕೇಳಿದವನ ತಲೆಗೇ ಕಟ್ಟುವುದು ನಮ್ಮಲ್ಲಿ ಪದ್ಧತಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಬರುವ ಹೈಸ್ಕೂಲು ಮಕ್ಕಳಿಗೆ ಲ್ಯಾಬ್ ತೋರಿಸಲು ಎಂಟು ವಿದ್ಯಾರ್ಥಿಗಳನ್ನು ತಯಾರು ಮಾಡುವ ಕೆಲಸ ನನಗೇ ಬಿತ್ತು.

ಎರಡು ರಾತ್ರಿ ಯೂಟ್ಯೂಬ್ ನೋಡಿದೆ. ಅಮೆರಿಕದ ಕಾಲೇಜುಗಳಲ್ಲಿ ಕ್ಯಾಂಪಸ್ ತೋರಿಸುವ ಹುಡುಗರು ಹಿಂದೆ ಹಿಂದೆ ನಡೆಯುತ್ತಲೇ ಮಾತಾಡುತ್ತಾರೆ. ಬಂದವರಿಗೆ ಬೆನ್ನು ತೋರಿಸುವುದಿಲ್ಲ. ಎಷ್ಟು ಚೆಂದ ಅಲ್ವಾ ಅನ್ನಿಸಿತು. ಅವರ ಹಾದಿಯಲ್ಲಿ ಹುಲ್ಲುಹಾಸು ಇರುತ್ತದೆ, ನಮ್ಮ ಕಾರಿಡಾರಿನಲ್ಲಿ ಬೆಂಕಿ ಆರಿಸುವ ಮರಳಿನ ಬಕೆಟ್ ಇರುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಮೊದಲ ದಿನ ನಾನೇ ನಡೆದು ತೋರಿಸಿದೆ. ‘ನೋಡಿ, ಕಣ್ಣು ಸದಾ ಅತಿಥಿಗಳ ಮೇಲೆ...’ ಎನ್ನುವಷ್ಟರಲ್ಲಿ ಬಕೆಟ್ಟಿನಲ್ಲಿ ಕೂತಿದ್ದೆ. ಎಂಟೂ ಜನ ನಗದೆ ನಿಂತಿದ್ದರು. ಇಂಟರ್ನಲ್ ಮಾರ್ಕ್ಸ್ ಇನ್ನೂ ಹಾಕಿರಲಿಲ್ಲ.

ಒಬ್ಬನಿಗೆ ರಾಮನ್ ಪರಿಣಾಮದ ಮುಂದೆ ನಿಲ್ಲುವ ಕೆಲಸ. 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದದ್ದು, ಮಾರ್ಚ್ 16ರಂದು ಬೆಂಗಳೂರಿಗೆ ಬಂದು ಅದರ ಬಗ್ಗೆ ಭಾಷಣ ಮಾಡಿದ್ದು, 1930ರ ನೊಬೆಲ್, ಎಲ್ಲವನ್ನೂ ಅವನು ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಿದ್ದ. ಒಂದೇ ತೊಂದರೆ. ನಡುವೆ ಯಾರಾದರೂ ಕೆಮ್ಮಿದರೂ ‘ಎಲ್ಲರಿಗೂ ನಮಸ್ಕಾರ’ದಿಂದ ಮತ್ತೆ ಶುರು ಮಾಡಬೇಕು. ವಿಜ್ಞಾನ ದಿನದಂದು ಅವನ ಮುಂದಿದ್ದ ಮೊದಲ ತಂಡಕ್ಕೆ ಐದು ಸಲ ನಮಸ್ಕಾರ ಸಿಕ್ಕಿತು. ನೊಬೆಲ್ ಸಿಗಲೇ ಇಲ್ಲ.

ನಾನು ಒತ್ತಿ ಒತ್ತಿ ಹೇಳಿದ ಇನ್ನೊಂದು ಮಾತು, ಸುಮ್ನೆ ಬುರುಡೆ ಬಿಡಬೇಡಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಕೇಳಿ ತಿಳಿದು ಹೇಳುತ್ತೇವೆ ಅನ್ನಿ. ಇದನ್ನು ಒಬ್ಬಳು ಬಹಳ ಮನಸ್ಸಿಗೆ ಹಚ್ಚಿಕೊಂಡಳು. ಶಾಲೆಯ ಮೇಡಂ ಒಬ್ಬರು ಟಾಯ್ಲೆಟ್ ಎಲ್ಲಮ್ಮಾ ಎಂದರೆ, ‘ಒಳ್ಳೆ ಪ್ರಶ್ನೆ ಮೇಡಂ, ಕೇಳಿ ತಿಳಿದು ಹೇಳ್ತೀನಿ’ ಎಂದಳಂತೆ. ಮೂರು ವರ್ಷದಿಂದ ಓದುತ್ತಿರುವವಳು! ಆಮೇಲೆ ಕೇಳಿದರೆ, ‘ಲೇಡೀಸ್ ಟಾಯ್ಲೆಟ್ ಬೀಗದ ಕೈ ಇವತ್ತು ಯಾರ ಹತ್ತಿರ ಇದೆ ಅಂತ ನಿಜವಾಗಿ ಗೊತ್ತಿರಲಿಲ್ಲ ಸಾರ್’ ಎಂದಳು. ಅದಕ್ಕೆ ನಾನು ಏನೂ ಹೇಳುವ ಹಾಗಿರಲಿಲ್ಲ.

ನಿಜವಾದ ಕಷ್ಟ ಬಂದದ್ದು ಜುವಾಲಜಿ ಲ್ಯಾಬಿನಲ್ಲಿ. ಅಲ್ಲಿ ಮೂಲೆಯಲ್ಲಿ ಒಂದು ಅಸ್ಥಿಪಂಜರ ನೇತುಹಾಕಿದೆ. ನನಗಿಂತ ಜಾಸ್ತಿ ಸರ್ವಿಸ್ ಆಗಿದೆ ಅದಕ್ಕೆ. ಜುವಾಲಜಿ ಹುಡುಗನಿಗೆ ಜ್ವರ ಬಂದು, ಕೆಮಿಸ್ಟ್ರಿ ಹುಡುಗನನ್ನು ನಿಲ್ಲಿಸಿದ್ದೆ. ಅಂಕಿ ಅಂಶ ಗಟ್ಟಿಯಾಗಿ ಹೇಳು, ಅಳುಕಬೇಡ ಎಂದಿದ್ದೆ. ಅವನು ಗಟ್ಟಿಯಾಗಿಯೇ ‘ಇದರಲ್ಲಿ 206 ಮೂಳೆಗಳಿವೆ’ ಎಂದ.

ಎರಡು ಜಡೆಯ ಒಬ್ಬ ಹುಡುಗಿ ನೋಟ್‌ಬುಕ್ ತೆಗೆದು ಎಣಿಸಲು ಶುರು ಮಾಡಿದಳು.

ಮೊದಲ ತಕರಾರು ತಲೆಬುರುಡೆಯದು. ಅವಳ ಲೆಕ್ಕಕ್ಕೆ ಎರಡೇ, ಬುರುಡೆ ಒಂದು, ದವಡೆ ಒಂದು. ಹುಡುಗ ನನ್ನನ್ನು ಕೂಗಿದ. ನಾನು ಫಿಸಿಕ್ಸಿನವನು. ಪಕ್ಕದ ರೂಮಿನಿಂದ ಜುವಾಲಜಿ ಮೇಡಂ ಬಂದು, ದವಡೆ ಬಿಟ್ಟು ಬುರುಡೆಯಲ್ಲೇ 21 ಮೂಳೆ ಬೆಸೆದುಕೊಂಡಿವೆ, ಕಿವಿಯೊಳಗಿನ ಆರು ಪುಟಾಣಿ ಮೂಳೆ ಹೊರಗೆ ಕಾಣುವುದಿಲ್ಲ ಎಂದು ವಿವರಿಸಿದರು. ಹುಡುಗಿ ಬರೆದುಕೊಂಡಳು. ಹಿಂದಿನ ಎರಡು ತಂಡ ಬಾಗಿಲಲ್ಲಿ ಬಂದು ನಿಂತವು. ಆಚೆ ಕೆಮಿಸ್ಟ್ರಿ ಲ್ಯಾಬಿನಿಂದ ಕೊಳೆತ ಮೊಟ್ಟೆ ವಾಸನೆ ಬರುತ್ತಿತ್ತು. ಯಾರೋ ಹೈಡ್ರೋಜನ್ ಸಲ್ಫೈಡ್ ಬಿಟ್ಟು ಮರೆತಿದ್ದರು.

‘ಸಾರ್, ಬಲಗೈ ಬೆರಳಲ್ಲಿ 14 ಇದೆ. ಎಡಗೈಯಲ್ಲಿ 11.’

ಬಗ್ಗಿ ನೋಡಿದೆ. ನಿಜವೇ. ಕಿರುಬೆರಳಿನ ತುದಿ ಇಲ್ಲ, ಉಂಗುರಬೆರಳಲ್ಲಿ ಎರಡು ಇಲ್ಲ. ತಾಮ್ರದ ತಂತಿ ಸುಮ್ನೆ ಗಾಳಿಯಲ್ಲಿ ಅಲ್ಲಾಡುತ್ತಿತ್ತು. ನನಗೆ ಏನೂ ತೋಚಲಿಲ್ಲ. ‘ಒಳ್ಳೆ ಪ್ರಶ್ನೆ, ಕೇಳಿ ತಿಳಿದು ಹೇಳ್ತೀನಿ’ ಎಂದೆ.

ಅವಳು ಹೋಗುವಾಗ ಅಭಿಪ್ರಾಯ ಪುಸ್ತಕದಲ್ಲಿ ಬರೆದಳು: ‘ತುಂಬಾ ಚೆನ್ನಾಗಿತ್ತು. ಮೂರು ಮೂಳೆ ಕಡಿಮೆ ಇದೆ.’ ಪ್ರಿನ್ಸಿಪಾಲರು ವರ್ಷಕ್ಕೊಮ್ಮೆಯೂ ತೆಗೆಯದ ಆ ಪುಸ್ತಕವನ್ನು ಅವತ್ತೇ ತೆಗೆದರು. ಮರುದಿನ ಸ್ಟಾಕ್ ರಿಜಿಸ್ಟರ್ ನನ್ನ ಮೇಜಿನ ಮೇಲಿತ್ತು. ‘ಅಸ್ಥಿಪಂಜರ - 1’ ಎಂದು ಬರೆದಿದೆ, ಬಿಡಿ ಮೂಳೆಯ ಲೆಕ್ಕ ಇಲ್ಲ ಎಂದು ವಾದಿಸಿದೆ. ನಡೆಯಲಿಲ್ಲ.

ಸಂಜೆ ಲ್ಯಾಬಿನಲ್ಲಿ ಬೆಂಚಿನ ಕೆಳಗೆ ಟಾರ್ಚ್ ಹಿಡಿದು ಹುಡುಕುತ್ತಿದ್ದೆ. ನಮ್ಮ ಅಟೆಂಡರ್ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

‘ಏನ್ ಸಾರ್ ಹುಡುಕ್ತಾ ಇದೀರಿ?’

ಹೇಳಿದೆ. ಅವರು ಕೊನೆಯ ಡ್ರಾಯರ್ ಎಳೆದು ಹಳೆಯ ಹಾರ್ಲಿಕ್ಸ್ ಬಾಟಲಿ ತೆಗೆದರು. ‘ಬಿದ್ದಾಗೆಲ್ಲ ಇದರಲ್ಲಿ ಹಾಕಿಡ್ತೀನಿ. ಒಂದು ಮಾತು ಕೇಳಬಾರದಿತ್ತಾ?’

ಕಣ್ಣಲ್ಲಿ ನೀರು ಬಂತು ನನಗೆ. ಮೇಜಿನ ಮೇಲೆ ಪೇಪರ್ ಹಾಸಿ ಬಾಟಲಿ ಬಗ್ಗಿಸಿದೆ.

ನಾಲ್ಕು ಇದ್ದವು.