ಐದೇ ನಿಮಿಷದಲ್ಲಿ ಗ್ರಹ ಸ್ಫೋಟ, ದಯವಿಟ್ಟು ಎರಡು ತಿಂಗಳು ಕಾಯಿರಿ

ಅನಿಮೆ ಎಂಬ ಜಪಾನಿ ಕಾರ್ಟೂನ್ ಸರಣಿಗಳ ಲೋಕದಲ್ಲಿ ಐದು ನಿಮಿಷ ಅಂದರೆ ಎಷ್ಟು ಹೊತ್ತು ಎಂದು ತಿಳಿಯಬೇಕಾದರೆ 'ಡ್ರ್ಯಾಗನ್ ಬಾಲ್ ಝಡ್' ನೋಡಬೇಕು. ಖಳನಾಯಕ ಫ್ರೀಜಾ ನಾಮೆಕ್ ಗ್ರಹದ ಹೊಟ್ಟೆಗೇ ಏಟು ಹಾಕಿ, ಇನ್ನು ಐದೇ ನಿಮಿಷದಲ್ಲಿ ಎಲ್ಲ ಸಿಡಿದುಹೋಗುತ್ತದೆ ಎನ್ನುತ್ತಾನೆ. ಆಮೇಲೆ ಸುಮಾರು ಹತ್ತು ಎಪಿಸೋಡ್ ಹೊಡೆದಾಟ. ನಡುನಡುವೆ ಬೈಗುಳ, ಭಾಷಣ, ಸತ್ತವರನ್ನು ಬದುಕಿಸುವ ಏರ್ಪಾಡು. ವಾರಕ್ಕೊಂದು ಎಪಿಸೋಡ್. ಗ್ರಹ ಪಾಪ, ತಾಳ್ಮೆಯಿಂದ ಕಾದಿತು.

ಅದು ಬರೀ ಟ್ರೇಲರ್. ಅದೇ ತೋಯಿ ಆನಿಮೇಷನ್ ಕಂಪನಿ, ಅದೇ ಫುಜಿ ಟಿವಿಯಲ್ಲಿ, 1999ರ ಅಕ್ಟೋಬರ್‌ನಲ್ಲಿ 'ಒನ್ ಪೀಸ್' ಶುರು ಮಾಡಿತು. ರಬ್ಬರ್ ಮೈಯ ಹುಡುಗ ಲೂಫಿ ಕಡಲುಗಳ್ಳರ ರಾಜನಾಗಲು ಹೊರಟ ಕಥೆ. ಆಗ ಹುಟ್ಟಿದ ಮಕ್ಕಳು ಈಗ ಕೆಲಸಕ್ಕೆ ಸೇರಿ ಪಿಎಫ್ ಕಟ್ಟುತ್ತಿದ್ದಾರೆ. ಲೂಫಿ ಇನ್ನೂ ದಾರಿಯಲ್ಲಿದ್ದಾನೆ.

ತಪ್ಪು ತಿಳಿಯಬೇಡಿ, ಕಥೆ ಚೆನ್ನಾಗಿದೆ. ಐಚಿರೊ ಓಡಾ 1997ರಿಂದ ಬರೆಯುತ್ತಿರುವ ಮಾಂಗಾ, ಅಂದರೆ ಈ ಅನಿಮೆಗೆ ಮೂಲವಾದ ಕಾಮಿಕ್ಸ್, ಓದಿದರೆ ಪುಟಗಳು ಓಡುತ್ತವೆ. ಅನಿಮೆಯೂ ಮೊದಮೊದಲು ಓಡುತ್ತಿತ್ತು. ಮೊದಲ 130 ಎಪಿಸೋಡಿನಲ್ಲಿ ಇನ್ನೂರಕ್ಕೂ ಜಾಸ್ತಿ ಅಧ್ಯಾಯ ಮುಗಿಸಿದ್ದರು. ಆಮೇಲೆ ಶುರುವಾಯಿತು ನೋಡಿ ತೊಂದರೆ. ಓಡಾ ಒಬ್ಬ ಮನುಷ್ಯ. ವಾರಕ್ಕೆ ಹದಿನೇಳು ಪುಟದ ಆಸುಪಾಸು ಬರೆಯುತ್ತಾರೆ, ಕೈ ನೋವು, ಜ್ವರ ಎಂದರೆ ರಜೆ ಹಾಕುತ್ತಾರೆ. ಟಿವಿಗೆ ಜ್ವರ ಬರುವುದಿಲ್ಲ. ಭಾನುವಾರ ಬಂತೆಂದರೆ ಅರ್ಧ ಗಂಟೆ ತುಂಬಲೇಬೇಕು.

ಕಥೆ ಇಲ್ಲದಿದ್ದರೆ ನಿಲ್ಲಿಸಬಹುದಲ್ವಾ ಎಂದು ನೀವು ಕೇಳುತ್ತೀರಿ. ನಿಮಗೆ ವ್ಯಾಪಾರ ಗೊತ್ತಿಲ್ಲ. ನೆಂಟರು ಜಾಸ್ತಿಯಾದರೆ ಊಟ ನಿಲ್ಲಿಸುತ್ತಾರಾ? ಮಜ್ಜಿಗೆಗೆ ನೀರು ಹಾಕುತ್ತಾರೆ. 'ನರುಟೊ' ಎಂಬ ಇನ್ನೊಂದು ಅನಿಮೆ ಮಾಡಿದವರು ಬೇರೆ ದಾರಿ ಹಿಡಿದಿದ್ದರು. ಮಾಂಗಾ ಮುಂದೆ ಹೋಗಲಿ ಎಂದು ಕೊನೆಯ ಎಂಬತ್ತು ಚಿಲ್ಲರೆ ಎಪಿಸೋಡನ್ನು ಹೆಚ್ಚುಕಡಿಮೆ ಪೂರ್ತಿ ಫಿಲ್ಲರ್, ಅಂದರೆ ಮಾಂಗಾದಲ್ಲಿ ಇಲ್ಲದ, ತಾವೇ ಕಟ್ಟಿದ ಕಥೆಗಳಿಂದ ತುಂಬಿದರು. ಅದರಲ್ಲಿ ಒಂದು ನಿಯತ್ತಿದೆ. ಇದು ಫಿಲ್ಲರ್ ಎಂದು ಗೊತ್ತಾದರೆ ನೀವು ಹಾರಿಸಿ ಮುಂದೆ ಹೋಗಬಹುದು. ಒನ್ ಪೀಸ್‌ನಲ್ಲಿ ಆ ಸೌಲಭ್ಯ ಕಡಿಮೆ. ಇಲ್ಲಿ ಫಿಲ್ಲರ್ ಬಹುಪಾಲು ಬೇರೆ ಎಪಿಸೋಡಿನಲ್ಲಿ ಇರುವುದಿಲ್ಲ. ಪ್ರತಿ ಏಟಿನಲ್ಲಿ, ಪ್ರತಿ ಉಸಿರಿನಲ್ಲಿ ಕರಗಿರುತ್ತದೆ.

ಒಂದು ಎಪಿಸೋಡ್ ಬಿಚ್ಚಿ ನೋಡಿ. ಮೊದಲಿಗೆ ಹಾಡು, ಎರಡೂವರೆ ನಿಮಿಷ. ಕೊನೆಯ ಹಾಡನ್ನು ತೆಗೆದುಹಾಕಿ, ಅದರ ಹೊತ್ತನ್ನೂ ಮೊದಲ ಹಾಡಿಗೇ ಸೇರಿಸಿದ ಕಾಲವೊಂದಿತ್ತು. ನಂತರ ಹೋದ ವಾರದ ಕಥೆ. ಹೋದ ವಾರ ಏನೂ ನಡೆಯದಿದ್ದರೂ ಏನೂ ನಡೆಯಲಿಲ್ಲ ಎಂಬುದನ್ನು ವಿವರವಾಗಿ ತೋರಿಸುತ್ತಾರೆ. ಕೊನೆಯಲ್ಲಿ ಮುಂದಿನ ವಾರದ ತುಣುಕು. ಉಳಿದದ್ದು ಹದಿನೈದು, ಹದಿನಾರು ನಿಮಿಷ. ಅದನ್ನು ತುಂಬಲು ನನ್ನ ಅಂದಾಜಿನಲ್ಲಿ ಸ್ಟುಡಿಯೋದಲ್ಲಿ ಮೂರು ವಿಭಾಗಗಳಿವೆ. ಒಂದು ಧೂಳು ವಿಭಾಗ. ಏಟು ಬಿದ್ದ ಮೇಲೆ ಧೂಳು ಏಳಬೇಕು, ಕಲ್ಲು ಉರುಳಬೇಕು, ಧೂಳು ನಿಧಾನಕ್ಕೆ ಇಳಿಯಬೇಕು, ಒಳಗಿಂದ ಒಂದು ನೆರಳು ಕಾಣಬೇಕು. ಇನ್ನೊಂದು ಬಾಯಿ ಬಿಡುವ ವಿಭಾಗ. ನೆರಳು ಕಂಡದ್ದಕ್ಕೆ ನಾಯಕನ ಗೆಳೆಯರು, ಶತ್ರುವಿನ ಗೆಳೆಯರು, ಊರಿನ ಮುದುಕರು, ಮಕ್ಕಳು ಒಬ್ಬೊಬ್ಬರಾಗಿ ಬಾಯಿ ಬಿಡಬೇಕು. ಮೂರನೆಯದು ನೆನಪಿನ ವಿಭಾಗ. ಎರಡು ವಾರದ ಹಿಂದೆ ನೀವೇ ನೋಡಿದ್ದನ್ನು ಮಬ್ಬು ಬಣ್ಣದಲ್ಲಿ ಮತ್ತೆ ತೋರಿಸುವುದು ಅವರ ಕೆಲಸ. ಬಹಳ ಹಿಂದಿನದು ನೋಡಿ, ಮರೆತಿರುತ್ತೀರಿ.

ಈ ಮೂರೂ ವಿಭಾಗ ಒಟ್ಟಿಗೆ ಓವರ್‌ಟೈಮ್ ಮಾಡಿದ್ದು ಡ್ರೆಸ್‌ರೋಸಾದಲ್ಲಿ. ಆ ದ್ವೀಪದ ಕಥೆ ಬಹುಪಾಲು ಒಂದೇ ದಿನದಲ್ಲಿ ನಡೆಯುವುದು. ಅದಕ್ಕೆ 118 ಎಪಿಸೋಡ್. 2014ರ ಜನವರಿಯಲ್ಲಿ ಶುರುವಾಗಿ 2016ರ ಜೂನ್‌ನಲ್ಲಿ ಮುಗಿಯಿತು. ಮಾಂಗಾದಲ್ಲಿ ಅದು ಸುಮಾರು ನೂರು ಅಧ್ಯಾಯ, ಅಂದರೆ ಒಂದು ಎಪಿಸೋಡಿಗೆ ಒಂದು ಅಧ್ಯಾಯವೂ ಪೂರ್ತಿ ಸಿಗಲಿಲ್ಲ. ಖಳನಾಯಕ ಡೊಫ್ಲಮಿಂಗೊ ಇಡೀ ದ್ವೀಪದ ಮೇಲೆ ದಾರದ ಪಂಜರ ಹಾಕುತ್ತಾನೆ. ಪಂಜರ ಕುಗ್ಗುತ್ತಾ ಬರುತ್ತದೆ. ಕುಗ್ಗುತ್ತದೆ. ಮುಂದಿನ ವಾರವೂ ಕುಗ್ಗುತ್ತದೆ. ಜನ ಸೇರಿ ಅದನ್ನು ತಳ್ಳುತ್ತಾರೆ. ಸುಮ್ನೆ ಹೇಳುತ್ತಿಲ್ಲ, ಕತ್ತಿವೀರರೂ ನೌಕಾಪಡೆಯವರೂ ಸಾಲಾಗಿ ನಿಂತು ಪಂಜರ ತಳ್ಳುತ್ತಾರೆ. ಅಷ್ಟರಲ್ಲಿ ಲೂಫಿಯ ಶಕ್ತಿ ಮುಗಿಯುತ್ತದೆ. ಮರಳಿ ಬರಲು ಹತ್ತು ನಿಮಿಷ ಬೇಕು ಎನ್ನುತ್ತಾನೆ.

ಹತ್ತು ನಿಮಿಷ! ನಾಮೆಕ್ ಕಂಡವರು ಆ ಮಾತು ಕೇಳಿ ಕ್ಯಾಲೆಂಡರ್ ತೆಗೆದಿರಬೇಕು.

ಅಭಿಮಾನಿಗಳನ್ನೂ ಹೊಗಳಬೇಕು. ಹೊಸಬರು ನಿಧಾನ ಆಯ್ತಲ್ಲ ಎಂದರೆ, "ಮುನ್ನೂರನೇ ಎಪಿಸೋಡ್ ತನಕ ತಡ್ಕೋ ಮಗಾ, ಆಮೇಲೆ ಹಬ್ಬ" ಎನ್ನುತ್ತಾರೆ. ಮುನ್ನೂರು ಎಪಿಸೋಡ್ ಅಂದರೆ ನೂರು ಗಂಟೆಗೂ ಮೇಲೆ. ಅಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯ ಕಾರು ಓಡಿಸುವುದನ್ನು ಕಲಿತು, ಮಾರುಕಟ್ಟೆ ರಸ್ತೆಯಲ್ಲೂ ಓಡಿಸಬಹುದು. ಇನ್ನು ಕೆಲವರು ದೂರುವುದನ್ನು ಬಿಟ್ಟು ಕತ್ತರಿ ಹಿಡಿದರು. ಹಾಡು, ಧೂಳು, ಬಾಯಿ ಎಲ್ಲ ಕತ್ತರಿಸಿ, ಮಾಂಗಾದ ವೇಗಕ್ಕೆ ಹೊಂದಿಸಿ, 'ಒನ್ ಪೇಸ್' ಎಂದು ಹೆಸರಿಟ್ಟರು. ಎಲ್ಲ ಪುಕ್ಕಟೆ ಕೆಲಸ. ಕಂಪನಿ ದುಡ್ಡು ಕೊಟ್ಟು ಉದ್ದ ಮಾಡಿಸಿದ್ದನ್ನು ನೋಡುಗರು ರಾತ್ರಿ ನಿದ್ದೆಗೆಟ್ಟು ಗಿಡ್ಡ ಮಾಡಿದರು.

ಇದನ್ನೆಲ್ಲ ಕಂಪನಿ ನೋಡದೆ ಇರುತ್ತದಾ? 2009ರಲ್ಲೇ ಡ್ರ್ಯಾಗನ್ ಬಾಲ್ ಝಡ್‌ಗೆ ತಾವೇ ಕತ್ತರಿ ಹಾಕಿ, 'ಕೈ' ಎಂಬ ಹೆಸರಲ್ಲಿ ಮತ್ತೆ ಬಿಟ್ಟಿದ್ದರು. 194 ಎಪಿಸೋಡಿನ ಕಥೆ ನೂರರ ಒಳಗೇ ಮುಗಿಯಿತು. 2024ರ ಅಕ್ಟೋಬರ್‌ನಲ್ಲಿ ಒನ್ ಪೀಸ್‌ಗೆ ಆರು ತಿಂಗಳ ಬಿಡುವು ಕೊಟ್ಟರು. ಆ ಬಿಡುವಿನಲ್ಲಿ ಏನು ಪ್ರಸಾರ ಮಾಡಿದರು ಗೊತ್ತಾ? ಹಳೆಯ ಮೀನುಮಾನವರ ದ್ವೀಪದ ಕಥೆಯನ್ನೇ. ಐವತ್ತಕ್ಕೂ ಜಾಸ್ತಿ ಎಪಿಸೋಡ್ ಇದ್ದದ್ದು 21ಕ್ಕೆ ಇಳಿದಿತ್ತು. ಮೊದಲು ನೀರು ಮಾರಿದರು, ಆಮೇಲೆ ನೀರು ತೆಗೆದದ್ದನ್ನು ಹೊಸ ಸರಕೆಂದು ಮಾರಿದರು. ಎರಡಕ್ಕೂ ಗಿರಾಕಿ ನಾವೇ.

ಈಗ 2026ರಿಂದ ವರ್ಷಕ್ಕೆ ಹೆಚ್ಚೆಂದರೆ 26 ಎಪಿಸೋಡ್ ಎಂದಿದ್ದಾರೆ. ಕಾಲು ಶತಮಾನ ಕಳೆದ ಮೇಲೆ, ಕಥೆ ಇದ್ದಾಗ ಮಾತ್ರ ತೋರಿಸಬಹುದು ಎಂಬ ಸಂಗತಿ ಹೊಳೆದಿದೆ. ಇಷ್ಟು ದಿನ ನಿಧಾನ ನಿಧಾನ ಎಂದು ಗೋಳಾಡಿದವರೇ ಬರೀ 26 ಆಯ್ತಾ ಎಂದು ಮುಖ ಸಣ್ಣ ಮಾಡಿಕೊಂಡಿದ್ದಾರೆ. ಧೂಳು ತಿಂದು ಬೆಳೆದವರಿಗೆ ಸ್ವಚ್ಛ ಗಾಳಿ ಸೇರುವುದು ಕಷ್ಟ.

ಇದರ ಜೊತೆಗೆ ಮೊದಲಿನಿಂದಲೇ ಮತ್ತೆ ಹೇಳುವ ಹೊಸ ಅನಿಮೆಯನ್ನು ವಿಟ್ ಸ್ಟುಡಿಯೋ ಮಾಡುತ್ತಿದೆ. ನಟರನ್ನು ಹಾಕಿ ತೆಗೆದ ಸರಣಿ ನೆಟ್‌ಫ್ಲಿಕ್ಸ್‌ನಲ್ಲಿ 2023ರಲ್ಲೇ ಬಂತು. ಹಾಗಾಗಿ ಪಕ್ಕದ ಮನೆಯ ಹುಡುಗ ಬಂದು "ಅಣ್ಣಾ, ಒನ್ ಪೀಸ್ ಎಲ್ಲಿಂದ ಶುರು ಮಾಡ್ಲಿ?" ಎಂದರೆ ಉತ್ತರ ಸುಲಭವಲ್ಲ. ಉದ್ದದ್ದಾ, ಕತ್ತರಿಸಿದ್ದಾ, ಕಂಪನಿಯೇ ಕತ್ತರಿಸಿದ್ದಾ, ನಟರದ್ದಾ, ಇನ್ನೂ ಬರಬೇಕಾದ್ದಾ? ಇದೆಲ್ಲ ಬಿಟ್ಟು ಮಾಂಗಾ ಓದಪ್ಪಾ, ಬೇಗ ಮುಗಿಯುತ್ತೆ ಎಂದೆ. ಎಷ್ಟು ಪುಸ್ತಕ ಇದೆ ಎಂದು ಕೇಳಿದ. ಬರೀ 110 ಚಿಲ್ಲರೆ ಎಂದೆ.