ಶಾಶ್ವತ ಕಾಮಗಾರಿ
ಕರಾವಳಿಗೆ ಮುಂಗಾರು ಬಂತೆಂಬುದನ್ನು ಹವಾಮಾನ ಇಲಾಖೆಗಿಂತ ಮೊದಲೇ ಸಾರುವವು ಕಲ್ಲು ತುಂಬಿದ ಟಿಪ್ಪರ್‌ಗಳು. ಉಳ್ಳಾಲ, ಸೋಮೇಶ್ವರ, ಮರವಂತೆ ಎಂದು ಊರು ಬದಲಾದರೂ ವಿಧಿಯಲ್ಲಿ ವ್ಯತ್ಯಾಸವಿಲ್ಲ: ಕಡಲ್ಕೊರೆತ ಶುರುವಾಗಬೇಕು, ಜನಪ್ರತಿನಿಧಿಗಳು ಕೊಡೆಯಡಿ ನಿಂತು ಅಲೆಯತ್ತ ಬೆರಳು ತೋರಿಸಬೇಕು, ಆ ಬೆರಳು ಛಾಯಾಚಿತ್ರದಲ್ಲಿ ಸ್ಪಷ್ಟವಾಗಿ ಮೂಡಬೇಕು, ಅನಂತರ ತುರ್ತು ಕಾಮಗಾರಿಗೆ ಮಂಜೂರಾತಿಯೂ, ಶಾಶ್ವತ ತಡೆಗೋಡೆಗೆ ಆಶ್ವಾಸನೆಯೂ ದೊರೆಯಬೇಕು. ಗುಡ್ಡ ಒಡೆದು ತಂದ ಕಲ್ಲನ್ನು ಕಡಲಿಗೆ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ಹೀಗಳೆಯುವವರು ಅದರ ಅನುಕೂಲವನ್ನು ಗಮನಿಸಿಲ್ಲ. ಎಷ್ಟು ಲೋಡು ಬಿತ್ತೆಂದು ಎಣಿಸಲು ಮುಳುಗುತಜ್ಞನೇ ಬೇಕು. ಕೊಚ್ಚಿಹೋಗುವುದು ತಡೆಗೋಡೆ ಮಾತ್ರ, ಕಾಮಗಾರಿ ನಿಜಕ್ಕೂ ಶಾಶ್ವತವಾದದ್ದು.

ಮರಳಿನದು ಹಳೆಯ ಲೇವಾದೇವಿ. ಮಳೆಗಾಲದ ಅಲೆ ಎಳೆದೊಯ್ದದ್ದರಲ್ಲಿ ಬಹುಪಾಲನ್ನು ಬೇಸಗೆಯ ಅಲೆ ಹಿಂದಿರುಗಿಸುತ್ತದೆ, ಕೊರತೆ ಬಿದ್ದದ್ದನ್ನು ನದಿಗಳು ತಂದು ತುಂಬುತ್ತವೆ. ಈ ಖಾತೆಗೆ ನಾವು ಕೈಹಾಕಿದೆವು. ನೇತ್ರಾವತಿಗೆ ತುಂಬೆಯಲ್ಲಿ ಅಣೆಕಟ್ಟು ಕಟ್ಟಿ, ನದಿಯ ಮರಳನ್ನು ಲಾರಿಗೆ ತುಂಬಿ, ದೋಣಿಗಳ ಅನುಕೂಲಕ್ಕಾಗಿ ಅಳಿವೆಬಾಗಿಲಿನ ಎರಡೂ ಕಡೆ ಕಲ್ಲಿನ ತೋಳು ಚಾಚಿ, ಮಗ್ಗುಲಿನ ತೀರ ಸವೆಯತೊಡಗಿದಾಗ ಅದಕ್ಕೆ ಪ್ರಕೃತಿ ವಿಕೋಪವೆಂದು ಹೆಸರಿಟ್ಟೆವು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಕಡಲೊಳಗೆ ಅಲೆಯ ಹೊಡೆತ ತಗ್ಗಿಸುವ ದಿಬ್ಬಗಳೆದ್ದ ಮೇಲೆ ಕೊರೆತ ದಕ್ಷಿಣದ ಉಚ್ಚಿಲ, ಬಟ್ಟಪ್ಪಾಡಿಯತ್ತ ಸರಿಯಿತೆಂದು ಅಲ್ಲಿನವರು ದೂರುತ್ತಾರೆ. ದೂರುವುದೇಕೆ? ಸರ್ಕಾರಿ ಕಡತದಲ್ಲಿ ವರ್ಗಾವಣೆಯೂ ಒಂದು ಪರಿಹಾರವೇ.

ಇನ್ನು ಪ್ರವಾಸಿಗರ ಸೌಕರ್ಯದ ವಿಷಯ. ಮಲ್ಪೆಯಲ್ಲಿ 2022ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡ ತೇಲುವ ಸೇತುವೆ ಕೆಲವೇ ದಿನಗಳಲ್ಲಿ ಅಲೆಯ ಹೊಡೆತಕ್ಕೆ ಬಿಡಿಬಿಡಿಯಾಯಿತು. ಅದಾದರೂ ಕಳಚಿ ದಡಕ್ಕೆಳೆಯಬಹುದಾದ ವಸ್ತು. ಯಾಂತ್ರಿಕ ದೋಣಿಗಳು ಜೂನ್ 1ರಿಂದ 61 ದಿನ ಕಡಲಿಗಿಳಿಯುವುದಿಲ್ಲ, ನಾಡದೋಣಿಯವರು ನೀರು ಏರಿದಷ್ಟೂ ದೋಣಿಯನ್ನು ಮೇಲಕ್ಕೆಳೆಯುತ್ತಾರೆ. ಸಿಮೆಂಟಿನ ಬೆಂಚು, ಸೆಲ್ಫಿ ಪಾಯಿಂಟು, ಶೌಚಾಲಯಗಳಿಗೆ ಮಾತ್ರ ಮಳೆಗಾಲದ ರಜೆಯನ್ನು ಯಾವ ಅಂದಾಜುಪಟ್ಟಿಯೂ ಕೊಟ್ಟಂತಿಲ್ಲ.

ಕಳೆದ ಆಗಸ್ಟಿನಲ್ಲಿ ನಾನು ಹೋಗಿದ್ದ ಬೀಚಿನಲ್ಲಿ ಇಂಟರ್‌ಲಾಕ್ ಹಾಸಿನ ಅಡಿಯ ಮರಳೆಲ್ಲ ಜಾರಿ, ಅದರ ಅಂಚು ಹರಿದ ಚಾಪೆಯಂತೆ ಜೋತುಬಿದ್ದಿತ್ತು. ಪಕ್ಕದಲ್ಲೊಂದು ಬೆಂಚು ಕಡಲಿಗೆ ನಮಸ್ಕರಿಸುವ ಭಂಗಿಯಲ್ಲಿ ಮುಂದಕ್ಕೆ ವಾಲಿತ್ತು. ಇಬ್ಬರು ಟೇಪು ಹಿಡಿದು ಅಳೆಯುತ್ತಿದ್ದರು. ಹೊಸ ಬೆಂಚಿಗಂತೆ. ಎಲ್ಲಿ ಹಾಕುತ್ತೀರೆಂದು ಕೇಳಿದೆ. “ಇದೇ ಜಾಗದಲ್ಲಿ, ಪ್ಲಾನಿನಲ್ಲಿ ಹಾಗೇ ಇದೆ” ಎಂದು, ನುಗ್ಗಿಬಂದ ಅಲೆಗೆ ಪ್ಯಾಂಟು ಎತ್ತಿ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾ ಒಬ್ಬಾತ ಹೇಳಿದ.